ಮಾರುತ್ ಮತ್ತು ಅರ್ಧ ಮಿಲಿಮೀಟರ್‌ನ ಇತಿಹಾಸ

ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಆವರಣದಲ್ಲಿ ಒಂದು ಫೈಟರ್ ಜೆಟ್ ನಿಂತಿದೆ, ನೋಡಿದೀರಾ? ಅದೇ ಎಚ್‌ಎಫ್-24 ಮಾರುತ್. ಜರ್ಮನಿಯ ಕುರ್ಟ್ ಟ್ಯಾಂಕ್ ಎಚ್‌ಎಎಲ್‌ಗೆ ಬಂದು ವಿನ್ಯಾಸ ಮಾಡಿದ ವಿಮಾನ. 1961ರ ಜೂನ್ 17ರಂದು ಇದೇ ಊರಲ್ಲಿ ಮೊದಲ ಸಲ ಹಾರಿತು.

ಈಗ ಅದರ 1/72 ಸ್ಕೇಲ್ ಮಾಡೆಲ್ ಮಾಡ್ತಿದೀನಿ. ಅಸಲಿಯ 30 ಮಿ.ಮೀ. ಗನ್ನಿನ ಬಾಯಿ ಇದರಲ್ಲಿ ಅರ್ಧ ಮಿ.ಮೀ.ಗೂ ಕಮ್ಮಿ. ಅಷ್ಟು ಚಿಕ್ಕದಕ್ಕೆ ಯಾಕೆ ತಲೆಕೆಡಿಸ್ಕೋಬೇಕು ಅಂತೀರಾ? ಎರಡು ಸೀಟಿನ ತರಬೇತಿ ಮಾರುತ್‌ನಲ್ಲಿ ಹಿಂದಿನ ಸೀಟಿಗೋಸ್ಕರ ಹೊಟ್ಟೆಯೊಳಗಿನ ರಾಕೆಟ್ ಪೆಟ್ಟಿಗೆಯನ್ನೇ ತೆಗೆದಿದ್ದರು. ಮಾಡೆಲ್‌ನಲ್ಲಿ ಎರಡನ್ನೂ ಇಟ್ಟರೆ, ಯಾವತ್ತೂ ಇಲ್ಲದ ವಿಮಾನ ಕಟ್ಟಿದ ಹಾಗೆ.

ಹಾಗಾದ್ರೆ ಮ್ಯೂಸಿಯಂಗೆ ಹೋಗಿ ನೋಡಿದ್ರೆ ಸಾಕಾ? ಆಕಾರಕ್ಕೆ ಸಾಕು, ಬಣ್ಣಕ್ಕೆ ಸಾಲದು. ಮಳೆ ಬಿಸಿಲಲ್ಲಿ ನಿಲ್ಲೋ ವಿಮಾನಗಳಿಗೆ ಮತ್ತೆ ಮತ್ತೆ ಪೇಂಟ್ ಹೊಡೀತಾರೆ. ಬಣ್ಣ, ಸೀರಿಯಲ್ ನಂಬರ್ ಎರಡಕ್ಕೂ ಆ ಕಾಲದ, ತಾರೀಖು ಗೊತ್ತಿರೋ ಫೋಟೋನೇ ಬೇಕು. ಬಿಕಾಂನಲ್ಲಿ ನಮಗೆ ಹೇಳಿಕೊಟ್ಟಿದ್ದೂ ಇದೇ: ವೋಚರ್ ಇಲ್ಲದೆ ಎಂಟ್ರಿ ಇಲ್ಲ.

1971ರ ಯುದ್ಧದಲ್ಲಿ 10 ಮತ್ತು 220ನೇ ಸ್ಕ್ವಾಡ್ರನ್‌ಗಳ ಮಾರುತ್‌ಗಳು ರಾಜಸ್ಥಾನದ ಗಡಿಯಲ್ಲಿ ದಾಳಿಗೆ ಹೋದವು. ಒಂದೊಂದು ನಂಬರಿನ ಹಿಂದೆಯೂ ಜೀವ ಪಣಕ್ಕಿಟ್ಟ ಪೈಲಟ್ ಇದ್ದರು, ರಾತ್ರಿಯಿಡೀ ರಿಪೇರಿ ಮಾಡಿದ ಕೈಗಳಿದ್ದವು. ಇವತ್ತು ಹಾರೋ ಮಾರುತ್ ಒಂದೂ ಉಳಿದಿಲ್ಲ. ನಾವು ಅಂದಾಜಿನ ಮೇಲೆ ನಂಬರ್ ಅಂಟಿಸಿದ್ರೆ, ಶೆಲ್ಫ್ ಮೇಲಿರೋ ಆ ಆಟಿಕೆಯನ್ನೇ ಮುಂದಿನವರು ದಾಖಲೆ ಅಂದ್ಕೋತಾರೆ. ಗೊತ್ತಿಲ್ಲದಿದ್ರೆ ನಂಬರಿನ ಜಾಗ ಖಾಲಿ ಬಿಡಿ.