ಸಾಣಿಕಟ್ಟೆಯ ಹರಳುಪ್ಪು
ಗೋಕರ್ಣದ ಪಕ್ಕದ ಸಾಣಿಕಟ್ಟೆಯ ಉಪ್ಪಿಲ್ಲದೆ ನಮ್ಮ ಮನೆಯಲ್ಲಿ ಅಪ್ಪೆಮಿಡಿ ಭರಣಿಗೆ ಬೀಳುವುದಿಲ್ಲ. ಅಘನಾಶಿನಿ ಅಳಿವೆಯ ಉಬ್ಬರದ ನೀರನ್ನು ಆಗರಕ್ಕೆ ಬಿಟ್ಟು, ಮಡಿಯಿಂದ ಮಡಿಗೆ ಹಾಯಿಸುತ್ತ ಬಿಸಿಲಿಗೆ ಮಂದವಾಗಿಸಿ, ಮಳೆಗಾಲಕ್ಕೆ ಮೊದಲು ಹರಳನ್ನು ಎಳೆದು ರಾಶಿ ಹಾಕುತ್ತಾರೆ. ಬಣ್ಣ ತುಸು ಕೆಸರಿನದು. ಅದರಲ್ಲಿ ಉಳಿದ ಮೆಗ್ನೀಸಿಯಂ ಗಾಳಿಯ ತೇವ ಹೀರುತ್ತದೆ, ನಾಲಗೆಗೆ ಸಣ್ಣ ಕಹಿಯನ್ನೂ ಕೊಡುತ್ತದೆ. ನನಗಂತೂ ಆ ಕಹಿಯೇ ರುಚಿ.

ಹೀಗೆ ಉಪ್ಪು ಮಾಡಲು ಬ್ರಿಟಿಷರ ಕಾಲದಲ್ಲಿ ಪರವಾನಗಿ ಬೇಕಿತ್ತು, ಮೇಲೆ ಸುಂಕ ಬೇರೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರು ಆ ಕಾಯ್ದೆಯನ್ನು ಮುರಿದರು. ಘಟ್ಟದ ಮೇಲಿಂದಲೂ ಸತ್ಯಾಗ್ರಹಿಗಳು ಇಳಿದು ಬಂದಿದ್ದರು.

ಕಾನೂನು ಮತ್ತೆ ಹರಳುಪ್ಪಿನ ತಂಟೆಗೆ ಬಂದದ್ದು ಅಯೋಡೀನ್ ಕೊರತೆಯಿಂದ ಬರುವ ಗಳಗಂಡದ ಕಾರಣಕ್ಕೆ. ಈ ಸಲದ ಕಾರಣ ನ್ಯಾಯವಾದದ್ದೇ. ನಿಯಂತ್ರಣ ಕಾರ್ಯಕ್ರಮ 1962ರಲ್ಲೇ ಶುರುವಾಗಿತ್ತು. 2006ರಿಂದ ಅಯೋಡೀನ್ ಸೇರದ ಉಪ್ಪನ್ನು ನೇರ ಊಟದ ಬಳಕೆಗೆ ಮಾರುವಂತಿಲ್ಲ.

ಈಗ ಪಾಕಿಸ್ತಾನದ ಖೇವ್ರಾ ಗಣಿಯ ಗುಲಾಬಿ ಸೈಂಧವದ ಭರಾಟೆ. ಅದರಲ್ಲಿರುವ ಖನಿಜಗಳು ನಾವು ತಿನ್ನುವ ಚಿಟಿಕೆಯಲ್ಲಿ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಸೋಡಿಯಂ ಮಾತ್ರ ಹೆಚ್ಚುಕಡಿಮೆ ಉಳಿದ ಉಪ್ಪುಗಳಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಂನ ಮಿತಿ ಇದಕ್ಕೂ ತಪ್ಪದು. ಮಗಳು ಎಷ್ಟೇ ಗುಲಾಬಿ ಪೊಟ್ಟಣ ತಂದಿಟ್ಟರೂ ದಿನದ ಸಾರಿಗೆ ನಾನು ಹಾಕುವುದು ಅಯೋಡೀನಿನ ಪುಡಿಯುಪ್ಪನ್ನೇ.