ಮುಟ್ಟಿ ಬಂದವನೇ ವೀರ

ಇಂಗ್ಲಿಷ್ ಸಿನಿಮಾಗಳಲ್ಲಿ ಗರಿಯ ಕಿರೀಟ ತೊಟ್ಟು, ಕೇಕೆ ಹಾಕುತ್ತ ಕುದುರೆಯೇರಿ ಬರುವ 'ರೆಡ್ ಇಂಡಿಯನ್ನ'ರನ್ನು ನಾವೆಲ್ಲ ನೋಡಿದ್ದೇವೆ. ಆ ಚಿತ್ರಕ್ಕೆ ಬಹುಮಟ್ಟಿಗೆ ಮಾದರಿಯಾದವರು ಉತ್ತರ ಅಮೆರಿಕದ ಹುಲ್ಲುಗಾವಲಿನ ಸೂ ಜನ. ಅವರು ತಮ್ಮನ್ನು ಕರೆದುಕೊಳ್ಳುವುದು ಲಕೋಟ, ಡಕೋಟ ಎಂದು. 'ಸೂ' ಎಂಬುದು ಪರರು ಇಟ್ಟ ಹೆಸರು. ಈ ಜನರ ಯುದ್ಧಧರ್ಮವನ್ನು ಮಾತ್ರ ಸಿನಿಮಾ ನಮಗೆ ತೋರಿಸಲಿಲ್ಲ.

ಹದಿನೆಂಟನೆಯ ಶತಮಾನದಲ್ಲಿ ಕುದುರೆ ಅವರ ಕೈಸೇರಿತು. ಅದರ ಬೆನ್ನ ಮೇಲಿಂದ ಎಸೆಯಲು ಅನುಕೂಲವಾಗುವಂತೆ ಅವರ ಬಿಲ್ಲು ಗಿಡ್ಡ. ಸುಮಾರು ಒಂದು ಮೀಟರ್ ಉದ್ದ. ಹೆದೆಯನ್ನು ಅಲ್ಲಿನ ಕಾಡುಕೋಣವಾದ ಬೈಸನ್ನಿನ ಸ್ನಾಯುವಿನ ನಾರಿನಿಂದ ಹೊಸೆಯುತ್ತಿದ್ದರು. ಅದರ ಕತ್ತಿನ ದಪ್ಪ ತೊಗಲನ್ನು ಕಾವಿಗೆ ಹಿಡಿದು ಗಟ್ಟಿಗೊಳಿಸಿದರೆ ಗುರಾಣಿ. ಇವಲ್ಲದೆ ಈಟಿ, ಕಲ್ಲಿನ ತಲೆಯ ಗದೆ.

ಆದರೆ ಅವರಲ್ಲಿ ಹೆಚ್ಚಿನ ಗೌರವ ಶತ್ರುವನ್ನು ಕೊಂದವನಿಗಲ್ಲ; ಜೀವಂತ ಶತ್ರುವನ್ನು ಕೈಯಿಂದಲೋ ಕೋಲಿನಿಂದಲೋ ಮುಟ್ಟಿ ಬಂದವನಿಗೆ. ದೂರದಿಂದ ಬಾಣ ಬಿಡುವುದು ಯಾರಿಗೂ ಆದೀತು. ಎದುರಾಳಿಯ ಆಯುಧದ ಎಟುಕಿಗೇ ಹೋಗಿ ಬರಲು ಎಂಟೆದೆ ಬೇಕು. ಹದ್ದಿನ ಗರಿ ಅಂಥ ಸಾಹಸದ ಪದಕ. ಹಾಗೆಂದು ಅವರೇನೂ ಅಹಿಂಸಾವಾದಿಗಳಲ್ಲ. ನೆರೆಯ ಕ್ರೋ, ಪಾನೀ ಜನರೊಡನೆ ಕುದುರೆಗಾಗಿ, ಬೇಟೆಯ ನೆಲಕ್ಕಾಗಿ ಕಾದಾಡಿದರು, ಕೊಂದರು, ನೆತ್ತಿಯ ಚರ್ಮವನ್ನೂ ಸುಲಿದರು.

1868ರ ಒಪ್ಪಂದದಲ್ಲಿ ಅಮೆರಿಕ ಸರ್ಕಾರ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು ಅವರಿಗೇ ಬಿಟ್ಟುಕೊಟ್ಟಿತ್ತು. 1874ರಲ್ಲಿ ಅಲ್ಲಿ ಚಿನ್ನ ಕಂಡದ್ದೇ ತಡ, ಒಪ್ಪಂದ ಕಾಗದದಲ್ಲಿ ಉಳಿಯಿತು. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಸೂ ಮತ್ತು ಚೆಯೆನ್ ವೀರರು ಸೇನಾಧಿಕಾರಿ ಕಸ್ಟರನನ್ನೂ ಅವನೊಡನಿದ್ದ ಸುಮಾರು 210 ಮಂದಿಯನ್ನೂ ಅಳಿಸಿಹಾಕಿದರು. ಅಂದು ಅವರಲ್ಲಿ ಬಿಲ್ಲು ಮಾತ್ರವಲ್ಲ, ಒಂದರ ಹಿಂದೊಂದು ಗುಂಡು ಹಾರಿಸುವ ಬಂದೂಕುಗಳೂ ಇದ್ದವು. ಸೈನಿಕರ ಕೈಯಲ್ಲಿದ್ದುದು ಪ್ರತಿ ಸಲವೂ ಹೊಸ ತೋಟಾ ತುಂಬಬೇಕಾದ ಬಂದೂಕು. 1984ರ ಉತ್ಖನನ ಇದನ್ನು ಸ್ಪಷ್ಟಪಡಿಸಿತು.

ಗೆದ್ದರೂ ಉಳಿಗಾಲವಿರಲಿಲ್ಲ. ಬಿಳಿಯರ ಬೇಟೆಯಿಂದ ಬೈಸನ್ ಹಿಂಡುಗಳು ಅಳಿದವು. ಅನ್ನವೂ ಹೋಯಿತು, ಆಯುಧದ ಸಾಮಗ್ರಿಯೂ ಹೋಯಿತು. 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ಸೈನ್ಯ ಫಿರಂಗಿಗಳನ್ನು ಹಾರಿಸಿ, ಹೆಂಗಸರು ಮಕ್ಕಳೆನ್ನದೆ 250ಕ್ಕೂ ಹೆಚ್ಚು ಜನರನ್ನು ಕೊಂದಿತು. ದೂರದಿಂದ ಕೊಲ್ಲುವುದನ್ನು ಹಿರಿಮೆಯೆಂದು ಎಣಿಸದ ಜನ ದೂರದ ಗುಂಡಿಗೇ ಬಲಿಯಾದರು.

1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬ್ಲ್ಯಾಕ್ ಹಿಲ್ಸ್ ಕಸಿದುಕೊಂಡದ್ದಕ್ಕೆ 10 ಕೋಟಿ ಡಾಲರಿಗೂ ಮಿಕ್ಕ ಪರಿಹಾರವನ್ನು ಎತ್ತಿಹಿಡಿಯಿತು. ತಮಗೆ ಬೇಕಾದದ್ದು ನೆಲ, ಬೆಲೆಯಲ್ಲ ಎಂದರು ಸೂ ಜನ. ಆ ಹಣವನ್ನು ಅವರು ಇಂದಿಗೂ ಮುಟ್ಟಿಲ್ಲ. ಗರಿಯ ಕಿರೀಟಕ್ಕಿಂತ ಇದನ್ನು ನಾವು ನಮ್ಮ ಮಕ್ಕಳಿಗೆ ಹೇಳಬೇಕು.