ಜಗಲಿಯ ಚರಿತ್ರೆ

ನಮ್ಮ ಸೀಮೆಯ ಹಳೆಯ ಕಟ್ಟಡಗಳನ್ನು ಕುರಿತು ಲೇಖನವೊಂದು ಬೇಕೆಂದು ಈ ಸಂಚಿಕೆಯ ಸಂಪಾದಕರು ಅಪ್ಪಣೆ ಮಾಡಿದಾಗ, ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಗುಡಿ, ಮಠ, ಮಸೀದಿ, ಕೋಟೆ, ವಾಡೆಗಳನ್ನೆಲ್ಲ ಕಾಲಾನುಕ್ರಮದಿಂದ ವರ್ಣಿಸುವ ಪಾಂಡಿತ್ಯ ನನಗಿಲ್ಲವೆಂದೂ, ಅವುಗಳಲ್ಲಿ ಜನ ಎಲ್ಲಿ ಕುಳಿತರು, ಕುಳಿತು ಏನು ಮಾಡಿದರು ಎಂಬುದನ್ನಷ್ಟೇ ಬರೆಯಬಲ್ಲೆನೆಂದೂ ಅರಿಕೆ ಮಾಡಿಕೊಂಡೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಇಗರ್ಜಿಗೆ ಸಲ್ಲುವ ಆದರದ ಒಂದು ಪಾಲು ಹಳೆಯ ಪಾನಗೃಹಕ್ಕೂ ಸಲ್ಲುವುದುಂಟು. ಕೆಂಪು ಸಿಂಹವನ್ನೋ ಅರಸನ ಶಿರಸ್ಸನ್ನೋ ಬರೆದ ಹಲಗೆ ಬಾಗಿಲಲ್ಲಿ ತೂಗುವ ಆ ಮನೆಗಳಲ್ಲಿ ಸಂಜೆಯ ಹೊತ್ತು ಊರಿನ ಸುದ್ದಿ, ಜಗಳ, ಸಂಧಾನಗಳೆಲ್ಲ ನಡೆಯುತ್ತಿದ್ದುವಂತೆ. ನಮ್ಮಲ್ಲಿ ಆ ಕೆಲಸವನ್ನು ಗುಡಿಯ ಜಗಲಿಯೂ ಅಗಸಿಯ ಕಟ್ಟೆಯೂ ಹಂಚಿಕೊಂಡಿದ್ದುವು. ಪಾನಪಾತ್ರೆಯ ಸ್ಥಾನದಲ್ಲಿ ಎಲೆಯಡಿಕೆಯ ಚಂಚಿಯಿತ್ತು. ಹಾನಗಲ್ಲಿಗೆ ಶಾಸನಗಳಲ್ಲಿ ಪಾನುಂಗಲ್ಲೆಂಬ ಹೆಸರಿದೆಯೆಂದು ಅದಕ್ಕೂ ಪಾನಕ್ಕೂ ನೆಂಟಸ್ತಿಕೆ ಕಲ್ಪಿಸುವ ವಿನೋದಪ್ರಿಯರ ಪಕ್ಷದವನು ಮಾತ್ರ ನಾನಲ್ಲ.

ಆ ಪಾನುಂಗಲ್ಲು ಐನೂರರ ರಾಜಧಾನಿಯಲ್ಲಿ, ಕಲ್ಯಾಣ ಚಾಲುಕ್ಯರ ಮಾಂಡಲಿಕರಾಗಿ ಆಳಿದ ಕದಂಬರ ಊರಿನಲ್ಲಿ, ತಾರಕೇಶ್ವರನ ಗುಡಿಯಿದೆ. ಹೊರಗಿನ ಬಿಸಿಲಿನಿಂದ ಒಳಹೊಕ್ಕವನ ಕಣ್ಣು ಮಬ್ಬಿಗೆ ಒಗ್ಗಿಕೊಳ್ಳುತ್ತಿರುವಾಗಲೇ ಮೇಲೆ ಅಷ್ಟಕೋನದ ವಿತಾನವೊಂದು ಮೆಲ್ಲಮೆಲ್ಲನೆ ಮೂಡಿಬರುತ್ತದೆ: ಒಂದು ವರಸೆಗಿಂತ ಮೇಲಿನ ವರಸೆ ತುಸು ಒಳಚಾಚಿ, ಸುತ್ತು ಸುತ್ತಾಗಿ ಕಿರಿದಾಗುತ್ತ ಏರಿ, ನಡುವೆ ಮಹಾಪದ್ಮವೊಂದನ್ನು ತಲೆಕೆಳಗಾಗಿ ಇಳಿಬಿಟ್ಟು ನಿಂತ ಕಲ್ಲಿನ ಬಳಗವದು. ಕೆಳಗೆ ಕಡಸಲಿಗೆ ಹಿಡಿದಂತೆ ನುಣುಪಾದ ಕಂಬಗಳು. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಬಂದು ಈ ಊರನ್ನು ಮುತ್ತಿ ಆನೆಕೆರೆಯ ಬಳಿ ಬೀಡುಬಿಟ್ಟನೆಂಬ ವೃತ್ತಾಂತವನ್ನು ವೀರಗಲ್ಲು ಸಾರುತ್ತದೆ. ಅರಸರು ಊರನ್ನು ಮುತ್ತಿ ಹೋದರು, ಜನ ಮಾತ್ರ ಮಂಟಪದಲ್ಲಿ ಕುಳಿತೇ ಇದ್ದರು. ಚಾಲುಕ್ಯ ಶಿಲ್ಪಿಗಳು ತೆರೆದ ಮಂಟಪದ ಅಂಚಿಗೆ ಬೆನ್ನೊರಗಿಸಿ ಕೂಡ್ರಲು ಅನುವಾಗುವಂತೆ ಇಳಿಜಾರಾದ ಕಲ್ಲಿನ ಒರಗುಳ್ಳ ಪೀಠವನ್ನು ಕಡೆಯುತ್ತಿದ್ದರು. ಶಿಲ್ಪಶಾಸ್ತ್ರ ಅದನ್ನು ಕಕ್ಷಾಸನವೆನ್ನುತ್ತದೆ. ದೇವರ ಮನೆಯನ್ನು ಕಟ್ಟುವಾಗಲೂ ಬಂದವನ ಬೆನ್ನನ್ನು ನೆನೆದ ಆ ಅಜ್ಞಾತ ಓಜರ ಮೇಲೆ ನನಗೆ ವಿಶೇಷ ಅಕ್ಕರೆ.

ಶಿಗ್ಗಾಂವಿ ತಾಲೂಕಿನ ಬಂಕಾಪುರವು ರಾಷ್ಟ್ರಕೂಟ ನೃಪತುಂಗನ ದಂಡನಾಯಕ ಬಂಕೆಯನ ಹೆಸರನ್ನು ಹೊತ್ತ ಊರು; ಶಕ ವರ್ಷ 820ರಲ್ಲಿ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದದ್ದೂ, ಗಂಗರ ಮಾರಸಿಂಹನು ಸಲ್ಲೇಖನವ್ರತದಿಂದ ದೇಹವಿಟ್ಟದ್ದೂ ಇಲ್ಲಿಯೇ. ಕೋಟೆಯೊಳಗಿನ ನಗರೇಶ್ವರನ ಗುಡಿಯನ್ನು ಊರವರು ಅರವತ್ತು ಕಂಬದ ಗುಡಿಯೆಂದೇ ಕರೆಯುತ್ತಾರೆ. ಹಳಗನ್ನಡದಲ್ಲಿ ನಗರವೆಂದರೆ ವರ್ತಕರ ಸಂಘವೂ ಹೌದೆಂಬುದನ್ನು ನೆನೆದರೆ, ಅಷ್ಟು ಕಂಬಗಳ ಸಭಾಂಗಣದಲ್ಲಿ ಎಣ್ಣೆಯ ದರವೂ ಎತ್ತಿನ ದರವೂ ಗಟ್ಟಿಧ್ವನಿಯಲ್ಲಿ ಚರ್ಚೆಯಾಗಿರಬೇಕೆಂದು ನನಗೆ ತೋರುತ್ತದೆ. ಈಗ ಆ ಕೋಟೆಯಲ್ಲಿ ಗಟ್ಟಿಯಾಗಿ ಕೂಗುವವು ನವಿಲುಗಳು ಮಾತ್ರ. ಅವುಗಳಿಗಾಗಿಯೇ ಅದನ್ನು ಕಾಯ್ದಿರಿಸಲಾಗಿದೆ.

ಬಂಕಾಪುರದಿಂದ ಅಧಿಕಾರವನ್ನು ಸವಣೂರಿಗೆ ಒಯ್ದವರು ಪಠಾಣ ನವಾಬರು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯನ ದಂಡೂ ಫ್ರೆಂಚ್ ಸೇನಾನಿ ಬುಸ್ಸಿಯ ಫಿರಂಗಿಗಳೂ ಮುತ್ತಿದ ಊರು, ಸುಮಾರು ಮೂರು ದಶಕಗಳ ಬಳಿಕ ಟೀಪುವಿನ ದಂಡನ್ನೂ ಕಂಡ ಊರು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಲೀನವಾಗುವವರೆಗೂ ಪುಟ್ಟದೊಂದು ಸಂಸ್ಥಾನವಾಗಿ ಉಳಿದದ್ದೇ ಸೋಜಿಗ. ಉತ್ತರಾದಿ ಮಠದ ಸತ್ಯಬೋಧತೀರ್ಥರು 1783ರಲ್ಲಿ ಇಲ್ಲಿಯೇ ವೃಂದಾವನಸ್ಥರಾದರು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಜನಿಸಿದ್ದೂ ಈ ಊರಿನಲ್ಲಿ. ಆದರೆ ಸವಣೂರಿನ ಹಿರಿಯ ಕಟ್ಟಡ ಯಾವುದೆಂದು ನನ್ನನ್ನು ಕೇಳಿದರೆ ಅರಮನೆಯನ್ನು ಬಿಟ್ಟು ದೊಡ್ಡಹುಣಸೆ ಮಠದ ಮರಗಳನ್ನೇ ತೋರಿಸುವೆನು. ಆಫ್ರಿಕಾಖಂಡದ ಮೂಲದ ಆ ಮೂರು ಮರಗಳ ಬುಡವನ್ನು ಕಂಡವರು ಅವುಗಳನ್ನು ಮರವೆಂದು ಒಪ್ಪಲು ಕ್ಷಣಕಾಲ ಹಿಂಜರಿಯುತ್ತಾರೆ. ಕೋಟೆಯ ಹುಡೇವಿಗೆ ತೊಗಟೆ ಬೆಳೆದಂತಿದೆ. 2023ರ ಮಳೆಗಾಲದಲ್ಲಿ ಒಂದು ಮರ ಬುಡಸಮೇತ ಉರುಳಿದಾಗ, ಬಿದ್ದ ಹಿರಿಯನನ್ನು ಕೈಹಿಡಿದು ಎಬ್ಬಿಸುವಂತೆ ಅದನ್ನು ಎತ್ತಿ ಮತ್ತೆ ನೆಟ್ಟರು. ಇಂಥ ನೆಳಲಿನಲ್ಲಿ ಕುಳಿತವನಿಗೆ ಸವಣೂರಿನ ವೀಳ್ಯದೆಲೆ, ಆಮೇಲೆ ಒಂದು ಪೊಟ್ಟಣ ಖಾರಾ, ಒಂದು ಬಟ್ಟಲು ಚಹಾ ಒದಗಿದರೆ ಯಾವ ಪಾನಗೃಹದ ಯಾವ ಪೇಯವೂ ಬೇಕೆನಿಸದು. ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ.

ಸವಣೂರಿನಿಂದ ಹಾನಗಲ್ಲಿನ ಕಡೆಗೆ ನಡೆಯುವವನಿಗೆ ಮನೆಗಳ ತಲೆಯೇ ಮಳೆಯ ಲೆಕ್ಕ ಹೇಳುತ್ತದೆ. ಬಯಲುಸೀಮೆಯಲ್ಲಿ ಜಂತಿಯ ಮೇಲೆ ಸವಳು ಮಣ್ಣು ಹರವಿ, ನಡುವೆ ಬೆಳಕಿಂಡಿಯಿಟ್ಟ ಮಾಳಿಗೆಗಳು. ಮಲೆನಾಡಿನ ಸೆರಗು ತಾಗುತ್ತಿದ್ದಂತೆ ಇಳಿಜಾರಾದ ಹಂಚು. ಮಾಳಿಗೆ ಸೋರುವ ಸಂಕಟವನ್ನು ತತ್ತ್ವಪದವಾಗಿಸಿದ ಶರೀಫಸಾಹೇಬರು, 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು, ಶಿಗ್ಗಾಂವಿ ತಾಲೂಕಿನ ಶಿಶುನಾಳದವರಷ್ಟೆ. ಮಣ್ಣಿನ ಮಾಳಿಗೆಯ ಕೆಳಗೆ ಆಷಾಢವನ್ನು ಕಳೆದವರಿಗೆ ಆ ಪದದ ಅರ್ಥಕ್ಕೆ ವ್ಯಾಖ್ಯಾನಕಾರರ ಅಗತ್ಯ ಬೀಳದು. ಹಿರೇಕೆರೂರ ಸೀಮೆಯಲ್ಲಿ ಏಕಾಂತದ ರಾಮಯ್ಯನ ಕಥೆಯನ್ನು ಕಲ್ಲಿನಲ್ಲಿ ಹೇಳುವ ಅಬ್ಬಲೂರಿನ ಗುಡಿಯೂ, ಮೊನ್ನೆಮೊನ್ನೆಯವರೆಗೆ ಆ ತಾಲೂಕಿಗೇ ಸೇರಿದ್ದ ರಟ್ಟೀಹಳ್ಳಿಯ ಕದಂಬೇಶ್ವರನ ಗುಡಿಯೂ ಪ್ರತ್ಯೇಕ ಲೇಖನಕ್ಕೆ ಅರ್ಹವಾದುವು.

ಹಾನಗಲ್ಲ ತಾಲೂಕಿನದೇ ಸಣ್ಣದೊಂದು ಊರಿನ ಹಳೆಯ ಗುಡಿಗೆ ಹಿಂದೊಮ್ಮೆ ಹೋಗಿದ್ದೆ. ಜಗಲಿಯ ಚಪ್ಪಡಿಯ ಮೇಲೆ ಹುಲಿಮನಿಯ ಗೆರೆಗಳು. ಎಷ್ಟು ತಲೆಮಾರಿನ ಹರಳು ಸರಿದಾಡಿತ್ತೋ, ಗೆರೆ ಕೂಡುವಲ್ಲೆಲ್ಲ ಬೆರಳ ತುದಿ ಇಳಿಯುವಷ್ಟು ಕುಳಿ ಬಿದ್ದಿತ್ತು. ನಾನು ಬಾಗಿಲವಾಡದ ಶಿಲ್ಪವನ್ನು ಅವಸರದಿಂದ ಗುರುತುಹಾಕಿಕೊಳ್ಳುತ್ತಿದ್ದುದನ್ನು ಕಂಡು, ಕಂಬಕ್ಕೆ ಒರಗಿದ್ದ ಮುದುಕರೊಬ್ಬರು, “ಕುಂದ್ರು ತಮ್ಮಾ, ಗುಡಿ ಎಲ್ಲಿಗೂ ಓಡಿ ಹೋಗೂದಿಲ್ಲ” ಎಂದು ಚಂಚಿ ಬಿಚ್ಚಿ, ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ ಕೈಗಿತ್ತರು. ಈಚೆಗೆ ಮತ್ತೆ ಹೋದಾಗ ಗುಡಿಗೆ ಬೇಲಿ ಬಂದಿತ್ತು, ಅಂಗಳದಲ್ಲಿ ಹುಲ್ಲು ಕತ್ತರಿಸಿ ಹಸನು ಮಾಡಿದ್ದರು, ಜಗಲಿ ತೊಳೆದಂತೆ ಖಾಲಿಯಿತ್ತು. ಬೇಲಿಯ ಹೊರಗೆ ರಸ್ತೆಯ ಮಗ್ಗುಲಿನ ಸಿಮೆಂಟಿನ ಮೋರಿಕಟ್ಟೆಯ ಮೇಲೆ ನಾಲ್ವರು ಕುಳಿತಿದ್ದರು. ನಡುವೆ ಇದ್ದಲಿನಿಂದ ಗೀಚಿದ ಹುಲಿಮನಿ, ಕುರಿಗಳಿಗೆ ಹುಣಸೆಬೀಜ.